ಅಕ್ಕ ಹೆಸರು ಬರೆಯುವುದನ್ನು ನಿಲ್ಲಿಸಿದ ದಿನ

ನಾನು ಎಂಟು ವರ್ಷದ ಹುಡುಗನಿದ್ದಾಗ, ಒಂದು ಮಧ್ಯಾಹ್ನ ಅಪ್ಪ ಯಾರೋ ಬಂದು ಹೇಳಿದ್ದನ್ನು ಕೇಳಿ ಅಂಗಡಿಯನ್ನು ಹಾಗೇ ಬಿಟ್ಟು ನನ್ನ ಶಾಲೆಗೆ ನಡೆದು ಬಂದ. ತರಗತಿಯ ಬಾಗಿಲಲ್ಲಿ ನಿಂತು ಮಾಸ್ತರನನ್ನು ಒಂದು ಮಾತೂ ಕೇಳದೆ ಒಳಗೆ ಬಂದು, ಬೆಂಚಿನ ಮೇಲೆ ನಿಂತಿದ್ದ ನನ್ನನ್ನು ಎತ್ತಿ ಕೆಳಗಿಳಿಸಿದ. ನನ್ನ ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಪಾಟಿ, ಬರೆಯುವ ಸ್ಲೇಟು, ತೂಗುತ್ತಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟ. ನನ್ನ ಮಗ ನಾಳೆಯಿಂದ ಇಲ್ಲಿಗೆ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದ. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮದು ಮಿರಜದಲ್ಲಿ ತಾಮ್ರ-ಹಿತ್ತಾಳೆ ಪಾತ್ರೆಗಳ ಅಂಗಡಿ. ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಯಾವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದೆವು ಎಂಬುದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಬರೆಯಲು ಕೂತಾಗ ಅದು ನನ್ನನ್ನು ಹಿಡಿದು ಹಾಕಿತ್ತು. ಮರಾಠಿ ಶಾಲೆಯ ಮಾಸ್ತರ ಅವತ್ತು ಉಕ್ತಲೇಖನ ಹೇಳಿದ್ದ. ಅವನು ಓದಿದ ಶಬ್ದಗಳನ್ನು ನಾವು ಕೇಳಿಸಿಕೊಂಡು ಬರೆಯಬೇಕಿತ್ತು. ನನ್ನವು ಇಪ್ಪತ್ತಮೂರು ತಪ್ಪಾದವು. ಆ ಇಪ್ಪತ್ತಮೂರನ್ನೂ ಪಾಟಿಯ ಮೇಲೆ ನನ್ನ ಕೈಯಿಂದಲೇ ಬರೆಸಿ, ಕೊರಳಿಗೆ ಕಟ್ಟಿ ಬೆಂಚು ಹತ್ತಿಸಿದ. ಕಾನಡಿ ನಾಲಿಗೆಗೆ ಶುದ್ಧ ಮರಾಠಿ ಹತ್ತುವುದಿಲ್ಲ ಎಂದು ಹುಡುಗರಿಗೆಲ್ಲ ಹೇಳಿದ. ಹುಡುಗರು ನಕ್ಕರು. ನನ್ನ ಪಕ್ಕದಲ್ಲಿ ದಿನಾ ಕೂತು ನನ್ನ ಶೇಂಗಾ ಚಟಣಿ ತಿನ್ನುತ್ತಿದ್ದ ಹುಡುಗನೂ ನಕ್ಕ. ಅದನ್ನು ನೆನೆಸಿಕೊಂಡರೆ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ.

ಹೀಗೆ ನಾನು ಮನೆಯಲ್ಲಿ ಕಲಿಯುವ ಹುಡುಗನಾದೆ. ಲೆಕ್ಕ ಅಪ್ಪನೇ ಹೇಳಿಕೊಡುತ್ತಿದ್ದ. ಶುದ್ಧಲೇಖನಕ್ಕೆ, ಅಂದರೆ ಶಬ್ದಗಳನ್ನು ತಪ್ಪಿಲ್ಲದೆ ಬರೆಯುವುದನ್ನು ಕಲಿಸುವುದಕ್ಕೆ, ಒಳ್ಳೆಯ ದಾರಿ ಯಾವುದು ಎಂದು ಒಂದು ತಿಂಗಳು ಊರೆಲ್ಲ ವಿಚಾರಿಸಿದ. ಗಿರಾಕಿಗಳನ್ನು ಕೇಳಿದ. ಸಾಂಗಲಿಗೆ ಟಾಂಗಾದಲ್ಲಿ ಹೋಗಿ ಪುಸ್ತಕದ ಅಂಗಡಿಗಳನ್ನು ಸುತ್ತಿದ. ಮಗನಿಗಾಗಿ ಅಷ್ಟು ಓಡಾಡುವ ಅಪ್ಪ ಮಿರಜದಲ್ಲಿ ಇನ್ನೊಬ್ಬನಿರಲಿಲ್ಲ ಎಂದೇ ನಾನು ತಿಳಿದಿದ್ದೆ.

ಈಗ ಅಕ್ಕನ ವಿಷಯ ಹೇಳಬೇಕು. ಅಕ್ಕನಿಗೆ ಆಗ ಹದಿನಾರು. ಎರಡು ವರ್ಷದ ಹಿಂದೆ ಅವಳ ಶಾಲೆಯನ್ನೂ ಬಿಡಿಸಿದ್ದರು. ಅವಳನ್ನು ಯಾರೂ ಬೆಂಚು ಹತ್ತಿಸಿರಲಿಲ್ಲ. ತರಗತಿಗೆ ಅವಳೇ ಮೊದಲು. ಅಜ್ಜಿ ಹಾಸಿಗೆ ಹಿಡಿದಿದ್ದಳು, ಅವ್ವನಿಗೆ ಒಂದು ಕೈ ಬೇಕಿತ್ತು. ಅಪ್ಪ ಊಟ ಮಾಡುತ್ತ "ಇನ್ನ ಸಾಕು" ಎಂದ. ಎರಡೇ ಶಬ್ದ. ಅಕ್ಕ ಭಾಕರಿ ಬಡಿಸುತ್ತಿದ್ದವಳು ಬಡಿಸುತ್ತಲೇ ಇದ್ದಳು. ಮರುವಾರ ಅವಳ ಚೀಲವನ್ನು ಒಗೆದು ಒಣಗಿಸಿ ನನಗೆ ಕೊಟ್ಟರು. ಆ ಚೀಲ ನನ್ನದಾಯಿತೆಂದು ನಾನು ಓಣಿಯೆಲ್ಲ ಕುಣಿದಾಡಿದ್ದೆ.

ಆದರೆ ಅಂಗಡಿಗೆ ಅಕ್ಕನ ಕೈ ಬೇಕೇ ಬೇಕಾಗಿತ್ತು. ಮದುವೆಗೋ ಸೀಮಂತಕ್ಕೋ ಪಾತ್ರೆ ಕೊಳ್ಳುವವರು ಅದರ ಮೇಲೆ ಹೆಸರು ಹಾಕಿಸುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಕೂತ ಕೆತ್ತುವವನು ಸಣ್ಣ ಉಳಿ ಹಿಡಿದು ಟಿಕ್ ಟಿಕ್ ಎಂದು ಚುಕ್ಕೆಚುಕ್ಕೆಯಾಗಿ ಅಕ್ಷರ ಕೊರೆಯುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ಚೀಟಿಯ ಮೇಲೆ ಹೇಗಿದೆಯೋ ಹಾಗೆಯೇ ಕೊರೆಯುವುದು ಅವನ ಕೆಲಸ. ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ಆದ್ದರಿಂದ ಚೀಟಿ ತಪ್ಪಿರಬಾರದು. ಅಪ್ಪ ದಿನಾ ಸಂಜೆ ಹೆಸರುಗಳನ್ನು ಬಾಯಲ್ಲಿ ಹೇಳುತ್ತಿದ್ದ, ಅಕ್ಕ ಒಲೆಯ ಮುಂದೆ ಕೂತೇ ಚೀಟಿ ಬರೆಯುತ್ತಿದ್ದಳು. ಮರಾಠಿಯವರಿಗೆ ಮರಾಠಿಯಲ್ಲಿ, ಸಲಗರೆ, ಲಿಂಗನೂರಿನ ಕಡೆಯವರು ಬಂದರೆ ಕನ್ನಡದಲ್ಲಿ. ಎರಡು ವರ್ಷದಲ್ಲಿ ಅವಳದು ಮರಾಠಿಯ ಒಂದು ಕಾನಾ ಗೆರೆ, ಕನ್ನಡದ ಒಂದು ಕೊಂಬು ತಪ್ಪಿದ್ದಿಲ್ಲ. ಇದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ನನಗೆ ಕಲಿಸುವವರನ್ನು ಊರೆಲ್ಲ ಹುಡುಕುತ್ತಿದ್ದ.

ನಾನು ಹೇಳಹೊರಟ ಆ ದಿನ ಅಂಗಡಿಗೆ ವಾರದ ರಜೆ. ಹಿಂದಿನ ದಿನ ಅಪ್ಪ ಸಾಂಗಲಿಯಿಂದ ಒಂದು ಪೆಟ್ಟಿಗೆ ತಂದಿದ್ದ. ಬೇಡವೆಂದರೆ ಎರಡು ದಿನದಲ್ಲಿ ಮರಳಿ ಕೊಡಬಹುದು ಎಂದು ಅಂಗಡಿಯವರು ಹೇಳಿದ್ದರಂತೆ. ಗಟ್ಟಿ ರಟ್ಟಿನ ಪೆಟ್ಟಿಗೆ. ಮುಚ್ಚಳ ತೆಗೆದರೆ ಹೊಸ ಮಸಿಯ, ಗೋಂದಿನ ವಾಸನೆ ಬರುತ್ತಿತ್ತು. ಒಳಗೆ ಬಣ್ಣದ ಚಿತ್ರಪಟಗಳು. ಹಡಗು, ಅನಾನಸು, ಹಿಮದ ಬೆಟ್ಟ, ಟೈ ಕಟ್ಟಿದ ಹುಡುಗ. ಪ್ರತಿ ಚಿತ್ರದ ಕೆಳಗೆ ಮರಾಠಿಯಲ್ಲಿ ಒಂದು ಶಬ್ದ. ತಪ್ಪು ಬರೆದ ಮಗುವಿನ ಮುಂದೆ ಎತ್ತಿ ತೋರಿಸಲು ಒಂದು ಕೆಂಪು ಫಲಕವೂ ಇತ್ತು. ನನಗೆ ಚಿತ್ರಗಳು ಬಹಳ ಹಿಡಿಸಿದವು. ಆ ಫಲಕವನ್ನು ಮಾತ್ರ ಪಟಗಳ ಅಡಿಗೆ ತಳ್ಳಿದೆ.

ಅಕ್ಕ ಹುಣಸೆಹಣ್ಣು, ಬೂದಿ ಹಚ್ಚಿ ತಂಬಿಗೆ ತಿಕ್ಕುತ್ತಿದ್ದವಳು ಕೈ ಒರೆಸಿಕೊಂಡು ಬಂದು ಒಂದೊಂದೇ ಪಟ ತಿರುವಿದಳು. ಈ ಶಬ್ದಗಳಲ್ಲಿ ತಮ್ಮನು ದಿನಾ ಆಡುವ ಶಬ್ದ ಒಂದೂ ಇಲ್ಲವಲ್ಲ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ನನ್ನನ್ನೇ ಕರೆದು ಒಂದು ಪಟದ ಶಬ್ದವನ್ನು ಬರೆಯಲು ಹೇಳಿದ. ನಾನು ಪಟವನ್ನು ನೋಡಿಕೊಂಡೇ ಬರೆದೆ, ಸರಿಯಾಯಿತು. ಮುಚ್ಚಿಟ್ಟು ಬರೆಸಿದ, ತಪ್ಪಿತು. ಅಪ್ಪ ಫಲಕವನ್ನು ಎತ್ತಲಿಲ್ಲ, ಆದರೆ ನಿಟ್ಟುಸಿರು ಬಿಟ್ಟು ಪೆಟ್ಟಿಗೆ ಮುಚ್ಚಿದ.

ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ನಿವೃತ್ತ ಮಾಸ್ತರರು ಬಂದರು. ಮಕ್ಕಳ ಅಕ್ಷರ ತಿದ್ದುವುದರಲ್ಲಿ ಅವರದು ದೊಡ್ಡ ಹೆಸರು. ಬಿಳಿ ಧೋತರ, ಕೈಯಲ್ಲಿ ಬೆತ್ತ. ಅಪ್ಪ ಜಮಖಾನ ಹಾಸಿ ಕೂರಿಸಿದ. ಅವ್ವ ಖಾರದ ಚುರಮುರಿ ಭಡಂಗ ಕಲಸಿ ತಾಟಿನಲ್ಲಿ ಕಳಿಸಿದಳು. ಒಗ್ಗರಣೆಯ ಬೆಳ್ಳುಳ್ಳಿಯ ಘಮ ಪಡಸಾಲೆಯೆಲ್ಲ ತುಂಬಿತ್ತು, ನಾನು ಒಂದು ಚೂರೂ ಬಾಯಿಗೆ ಹಾಕಲಾರದೆ ಕೂತಿದ್ದೆ. ಮಾಸ್ತರರು ನನ್ನ ನೋಟುಬುಕ್ಕನ್ನು ತಿರುವಿ ಹಾಕಿ ತಮ್ಮ ಪದ್ಧತಿ ಹೇಳಿದರು. ದಿನಕ್ಕೆ ಐವತ್ತು ಶಬ್ದ. ತಪ್ಪಿದ ಒಂದೊಂದನ್ನೂ ನೂರು ಸಲ ಬರೆಯುವುದು. ನೂರರಲ್ಲೂ ತಪ್ಪಿದರೆ ಬೆತ್ತ. ಆರು ತಿಂಗಳಲ್ಲಿ ಹುಡುಗನ ಕೈ ತಾನೇ ದಾರಿಗೆ ಬರುತ್ತದೆ ಎಂದರು. ಅಪ್ಪ ತಲೆಯಾಡಿಸುತ್ತ ಕೇಳಿದ. ಕೊರಳಿಗೆ ಕಟ್ಟಿದ ಪಾಟಿಯನ್ನು ಬಿಚ್ಚಿಟ್ಟ ಅದೇ ಅಪ್ಪ ಬೆತ್ತಕ್ಕೆ ತಲೆಯಾಡಿಸುತ್ತಿದ್ದ. ಊರವರ ಮುಂದೆ ಆಗುವ ಅವಮಾನ ಅವನಿಗೆ ತಡೆಯಲಾಗಿರಲಿಲ್ಲ, ಮನೆಯೊಳಗಿನ ಏಟು ಅವನಿಗೆ ನಡೆಯುತ್ತಿತ್ತು. ನಾಳೆಯಿಂದ ಬನ್ನಿ ಎಂದು ಹೇಳುವುದೊಂದು ಬಾಕಿ.

ಅಷ್ಟರಲ್ಲಿ ಅಕ್ಕ ಚಹಾ ತಂದಳು. ಕಪ್ಪು-ಬಶಿಗಳನ್ನು ಕೆಳಗಿಟ್ಟಳು, ಒಳಗೆ ಹೋಗಲಿಲ್ಲ. ನನ್ನ ನೋಟುಬುಕ್ಕನ್ನು ಮಾಸ್ತರರ ಮುಂದಿನಿಂದ ಎತ್ತಿಕೊಂಡಳು. ಉಕ್ತಲೇಖನದಲ್ಲಿ ನಾನು ತಪ್ಪು ಬರೆದಿದ್ದ ಆ ಇಪ್ಪತ್ತಮೂರು ಶಬ್ದಗಳ ಹಾಳೆಯನ್ನು ತೆರೆದು ಅಪ್ಪನ ಎದುರಿಗೆ ಹಿಡಿದಳು.

"ಅಪ್ಪಾ, ಇವು ಇಪ್ಪತ್ತಮೂರು ತಪ್ಪಲ್ರಿ. ಒಂದ ತಪ್ಪು."

ಅಪ್ಪ ಒಳಗೆ ಹೋಗು ಎಂದು ಕಣ್ಣಿನಲ್ಲೇ ಹೇಳಿದ. ಅವಳು ಆ ಕಡೆ ನೋಡದೆ ಬೆರಳಿಟ್ಟು ತೋರಿಸುತ್ತ ಹೋದಳು. ಗಾಡಿ, ಟೋಪಿ, ಖುರ್ಚಿ, ಚಟಣಿ, ಲಾಡು, ಚಾಕು. ಇವೆಲ್ಲ ನಮ್ಮ ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ನಾವು ಕೊನೆಯ ಅಕ್ಷರವನ್ನು ಗಿಡ್ಡದಾಗಿ ಬರೆಯುತ್ತೇವೆ. ಮರಾಠಿಯವರು ಉದ್ದ ಎಳೆದು ಗಾಡೀ, ಲಾಡೂ ಎಂದು ದೀರ್ಘ ಬರೆಯುತ್ತಾರೆ. ತಮ್ಮನು ಮನೆಯಲ್ಲಿ ಕೇಳಿದ ಹಾಗೆ ಬರೆದಿದ್ದಾನೆ. ಅವನ ಕಿವಿಯೂ ಸರಿ ಇದೆ, ನಾಲಿಗೆಯೂ ಸರಿ ಇದೆ. ಒಂದೆರಡು ಶಬ್ದ ಬಿಟ್ಟರೆ ಮರಾಠಿಯಲ್ಲಿ ಕೊನೆಗೆ ದೀರ್ಘ ಎಂದು ಅವನಿಗೆ ಯಾರೂ ಹೇಳಿಯೇ ಇಲ್ಲ. ಇದನ್ನೆಲ್ಲ ಅವಳು ಮಾಸ್ತರರಿಗೂ ತಿಳಿಯಲಿ ಎಂದು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು. ಆಮೇಲೆ ನನಗೆ ಪೆನ್ಸಿಲ್ ಕೊಟ್ಟು ಪುನಃ ಬರೆಸಿದಳು. ನಾನು ಬರೆದೆ. ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಸರಿಯಾದವು. ಮಾಸ್ತರರ ಚಹಾ ಇನ್ನೂ ಬಿಸಿಯಾಗಿಯೇ ಇತ್ತು.

ಮಾಸ್ತರರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ನೋಡಿದರು. ಇಷ್ಟನ್ನು ಕಲಿಸಲು ನನಗೇ ಎರಡು ತಿಂಗಳು ಬೇಕಾಗುತ್ತಿತ್ತು ಎಂದು ಮರಾಠಿಯಲ್ಲಿ ಹೇಳಿದರು. ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ, ಆದರೂ ಹೇಳಿದರು. ಆ ಒಂದು ಮಾತಿಗೆ ನಾನು ಅವರನ್ನು ಕ್ಷಮಿಸಿದ್ದೇನೆ.

ಅಪ್ಪ ಅಕ್ಕನನ್ನು ಕ್ಷಮಿಸುವ ಹಾಗಿರಲಿಲ್ಲ. ಬಂದವರ ಮುಂದೆ ಮಗಳು ಬಾಯಿ ತೆರೆದಿದ್ದಳು. ಮುಖ ಕೆಂಪಾಗಿ, ಒಳಗೆ ನಡಿ ಎಂದು ಗದರಿದ. ಹುಡುಗನಿಗೆ ಯಾರು ಕಲಿಸಬೇಕು ಎಂಬುದನ್ನು ತಾನು ನೋಡಿಕೊಳ್ಳುತ್ತೇನೆ, ಒಂದು ತಿಂಗಳಿಂದ ಅದಕ್ಕಾಗಿಯೇ ಚಪ್ಪಲಿ ಸವೆಸಿದ್ದೇನೆ ಎಂದ. ಅಕ್ಕ ನಿಂತಲ್ಲೇ ನಿಂತಳು. ಅವಳ ಕೈಯಲ್ಲಿ ಬೂದಿಯ ಗೆರೆಗಳು ಹಾಗೇ ಇದ್ದವು. ದನಿ ಏರಿಸಲಿಲ್ಲ. ಏರಿಸಿದ್ದರೆ ನಮಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

"ತಮ್ಮನ ಸಾಲಿ ಬಿಡಿಸಿ ಒಂದು ತಿಂಗಳಾತು, ಅವಗ ಕಲಸವ್ರನ್ನ ಊರೆಲ್ಲಾ ಹುಡುಕಾಕತ್ತೀರಿ. ನನ್ನ ಸಾಲಿ ಬಿಡಿಸಿ ಎರಡು ವರ್ಷಾತು. ನನಗ ಯಾರನ್ನ ಹುಡುಕಿದ್ರಿ?"

ಅಡುಗೆಮನೆಯ ಬಾಗಿಲಿಗೆ ಅವ್ವ ಬಂದು ನಿಂತಿದ್ದಳು. ಅವಳನ್ನೂ ಅಕ್ಕ ಒಮ್ಮೆ ನೋಡಿದಳು. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ನನಗೆ ನೆರವಾಗಲಿ ಎಂದು ಅವತ್ತು ನಾನೂ ಹೂಂ ಅಂದಿದ್ದೆ ಎಂದು ನೆಲಕ್ಕೆ ಹೇಳಿದ ಹಾಗೆ ಹೇಳಿದಳು.

"ನಾಳಿಂದ ಅಂಗಡಿ ಹೆಸರು ನಾ ಬರಿಯೂದಿಲ್ಲ" ಎಂದಳು ಅಕ್ಕ. ತಮ್ಮನಿಗೆ ಕಲಿಸುತ್ತೇನೆ, ದಿನಕ್ಕೆ ಐದು ಶಬ್ದ, ಅವನು ಅವತ್ತು ಬಾಯಲ್ಲಿ ಆಡಿದ ಐದು ಶಬ್ದ, ಅಷ್ಟು ಸಾಕು ಅವನಿಗೆ ಎಂದಳು. ಒಳಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ತಂಬಿಗೆಯನ್ನು ಮತ್ತೆ ತಿಕ್ಕಲು ಕೂತಳು. ಆ ತಿಕ್ಕುವ ಸಪ್ಪಳ ಬಹಳ ಹೊತ್ತು ಕೇಳುತ್ತಿತ್ತು.

ನಾನು ಆಗ ಏನು ಮಾಡಿದೆ ಗೊತ್ತೇ? ಬೆತ್ತ ತಪ್ಪಿತೆಂದು ಸಂತೋಷಪಟ್ಟೆ. ತಾಟಿನಲ್ಲಿ ಉಳಿದಿದ್ದ ಭಡಂಗವನ್ನು ಬಳಿದು ತಿಂದೆ. ಅಕ್ಕನ ಹತ್ತಿರ ಹೋಗಿ ಕೂರಬೇಕು ಎಂದು ನನಗೆ ಹೊಳೆಯಲೂ ಇಲ್ಲ.

ಅಪ್ಪ ಅವಳೊಡನೆ ಮಾತು ಬಿಟ್ಟ. ಪೆಟ್ಟಿಗೆಯನ್ನು ಸಾಂಗಲಿಗೆ ಮರಳಿಸಿದ, ಮಾಸ್ತರರನ್ನು ಮತ್ತೆ ಕರೆಸಲಿಲ್ಲ. ಅಕ್ಕ ಹೇಳಿದಂತೆಯೇ ನನ್ನನ್ನು ದಿನಾ ಕೂರಿಸಿಕೊಂಡಳು. ಐದು ಶಬ್ದ ಬರೆಸುತ್ತಿದ್ದಳು. ತಪ್ಪಿದರೆ ಯಾಕೆ ತಪ್ಪಿತು ಎಂದು ನನ್ನನ್ನೇ ಕೇಳುತ್ತಿದ್ದಳು. ಉತ್ತರ ಹೊಳೆದರೆ ಅವತ್ತಿನ ಪಾಠ ಮುಗಿಯಿತು. ನೋಡನೋಡುತ್ತ ನನಗೆ ಎರಡೂ ಭಾಷೆಯ ಬರಹ ಬೇರೆಬೇರೆಯಾಗಿ ಕಾಣಿಸತೊಡಗಿತು.

ಅಂಗಡಿಯ ಚೀಟಿಗಳನ್ನು ಅಪ್ಪನೇ ಬರೆಯತೊಡಗಿದ. ವಾರ ಕಳೆಯುತ್ತ ಬಂದಿತ್ತು. ಮೊಮ್ಮಗಳ ಮದುವೆಗೆ ಕೊಡಲು ಒಬ್ಬ ಮುದುಕಿ ಒಂದು ದೊಡ್ಡ ತಾಮ್ರದ ಹಂಡೆ ಕೊಂಡಿದ್ದಳು. ಅದರ ಮೇಲೆ 'ಆಜೀ' ಎಂದು ಮರಾಠಿಯಲ್ಲಿ ಕೊರೆಯಬೇಕಿತ್ತು. ನಮ್ಮ ಬಾಯಲ್ಲಿ ಅದು ಅಜ್ಜಿ. ಅಪ್ಪ ಚೀಟಿಯಲ್ಲಿ ಕೊನೆಗೆ ಗಿಡ್ಡದಾಗಿ 'ಆಜಿ' ಎಂದು ಬರೆದುಕೊಟ್ಟ. ಕೆತ್ತುವವನು ಹಾಗೆಯೇ, ಎರಡು ಬೆರಳು ದಪ್ಪದ ಅಕ್ಷರದಲ್ಲಿ ಕೊರೆದ. ಹಂಡೆ ಒಯ್ಯಲು ಬಂದ ಮುದುಕಿ ಅಂಗಡಿಯ ಮುಂದೆ ನಿಂತು ಅದನ್ನು ಓದಿ, ಇದು ನನಗೆ ಬೇಡ ಎಂದು ಹೋದಳು. ಅಪ್ಪ ಆ ಹಂಡೆಯನ್ನು ತಾನೇ ಹೊತ್ತು ಮನೆಗೆ ತಂದು ಪಡಸಾಲೆಯಲ್ಲಿಟ್ಟ. ನಾನು ಓದಿ, ಕೊನೆಗೆ ದೀರ್ಘ ಬೇಕು ಎಂದುಬಿಟ್ಟೆ. ನನಗೆ ಪಾಟಿ ಕಟ್ಟಿಸಿದ ಅದೇ ತಪ್ಪನ್ನು ಅಪ್ಪ ಮಾಡಿದ್ದ. ನನ್ನ ಕಿವಿ ಅವನ ಕಿವಿಯೇ ಅಲ್ಲವೇ.

ಅಪ್ಪ ಹಂಡೆಯ ಪಕ್ಕದಲ್ಲೇ ನೆಲದ ಮೇಲೆ ಕೂತ. ಎಂಟು ದಿನದ ಮೇಲೆ ಮೊದಲ ಸಲ ಅಕ್ಕನೊಡನೆ ಮಾತಾಡಿದ. "ಏನ ಬೇಕು ನಿನಗ?"

"ಸಾಲಿ" ಎಂದಳು ಅಕ್ಕ.

ಕಥೆಯಾಗಿದ್ದರೆ ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಎರಡು ವರ್ಷ ಚಿಕ್ಕ ಹುಡುಗಿಯರ ಜೊತೆ ಕೂರಿಸುವುದು ಹೇಗೆ, ನೆಂಟರು ಏನೆಂದಾರು ಎಂದು ಅಪ್ಪ ಶಾಲೆಗೆ ಒಪ್ಪಲೇ ಇಲ್ಲ. ಮನೆಯಲ್ಲೇ ಓದಿ ಹೊರಗಿನಿಂದ ಮ್ಯಾಟ್ರಿಕ್ ಪರೀಕ್ಷೆಗೆ ಕೂರಲಿ ಎಂಬಲ್ಲಿಗೆ ಇಳಿದ. ಪುಸ್ತಕ ತಂದುಕೊಟ್ಟ. ಅಡುಗೆಯ ಕೆಲಸ ಕಡಿಮೆಯಾಗಲಿಲ್ಲ. ಅವಳು ಒಂದು ಕೈಯಲ್ಲಿ ಒಲೆಯ ಕಟ್ಟಿಗೆ ಮುಂದಕ್ಕೆ ತಳ್ಳುತ್ತ, ಇನ್ನೊಂದು ಕೈಯಲ್ಲಿ ಪುಟ ತಿರುವುತ್ತಿದ್ದಳು. ಮೊದಲ ಸಲಕ್ಕೇ ಪಾಸಾದಳು. ಅದೇ ಬೇಸಿಗೆಯಲ್ಲಿ ಸಲಗರೆಗೆ ಮದುವೆ ಮಾಡಿ ಕಳಿಸಿದರು. ಕಾಲೇಜಿನ ಮಾತನ್ನು ಯಾರೂ ಎತ್ತಲಿಲ್ಲ. ನಾನಂತೂ ಆಗ ಹೊಸ ಶಾಲೆಗೆ ಸೇರಿದ್ದೆ, ಉಕ್ತಲೇಖನದಲ್ಲಿ ಹೆಸರು ಮಾಡುತ್ತಿದ್ದೆ.

ಸಲಗರೆಯಲ್ಲಿ ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಹೊಲಗೆಲಸದವರ ಮಕ್ಕಳನ್ನು ಕೂರಿಸಿಕೊಂಡು ದಿನಕ್ಕೆ ಐದು ಶಬ್ದ ಬರೆಸುತ್ತಿದ್ದಳು. ಕೊನೆಯವರೆಗೂ ಬರೆಸಿದಳು. ಅವಳು ತೀರಿಹೋದಾಗ ಬಂದ ಜನರಲ್ಲಿ ಅರ್ಧದಷ್ಟು ಮಂದಿ ನನಗೆ ಪರಿಚಯವೇ ಇರಲಿಲ್ಲ. ಎಷ್ಟು ಒಳ್ಳೆಯ ಬಾಳು ಎಂದು ಎಲ್ಲರೂ ಅಂದರು. ನನಗೆ ಆ ಮಾತಿಗೂ ಸಿಟ್ಟು ಬಂತು. ಅವಳು ಏನೇನು ಆಗಬಹುದಿತ್ತೋ ಅದನ್ನು ಯಾರೂ ಅಲ್ಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈಗ ನಮ್ಮ ಮನೆ ಸಾಂಗಲಿಯ ವಿಶ್ರಾಮಬಾಗದಲ್ಲಿ, ಮೂರನೇ ಮಹಡಿಯಲ್ಲಿದೆ. ಮೊಮ್ಮಕ್ಕಳೇ, ನಿಮ್ಮಿಬ್ಬರಲ್ಲಿ ಚಿಕ್ಕವಳು ಮನೆಯಲ್ಲೇ ಕಲಿಯುತ್ತಾಳೆ. ನಿಮ್ಮ ಅಪ್ಪ-ಅಮ್ಮ ಯೋಚಿಸಿ, ಅವಳನ್ನೂ ಕೇಳಿ ಹಾಗೆ ಮಾಡಿದ್ದಾರೆ. ಅವಳಿಗೆ ಕಿಟಕಿಯ ಹತ್ತಿರ ಅವಳದೇ ಮೇಜಿದೆ. ಹೋದ ಭಾನುವಾರ ಅವಳ ಇಂಗ್ಲಿಷ್ ಸ್ಪೆಲಿಂಗಿಗೆ ಯಾವ ಪ್ರೋಗ್ರಾಮ್ ತೆಗೆದುಕೊಳ್ಳಬೇಕು ಎಂದು ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಒಂದರಲ್ಲಿ ಹಾಡು, ನಕ್ಷತ್ರ, ಕುಣಿಯುವ ಕರಡಿ. ಇನ್ನೊಂದರಲ್ಲಿ ವಾರವಾರ ಉದ್ದುದ್ದ ವರದಿ. ಮೂರನೆಯದು ತೀರ ಸಾದಾ, ದಿನಕ್ಕೆ ಹತ್ತು ನಿಮಿಷ, ಒಂದು ಸಲಕ್ಕೆ ಒಂದೇ ನಿಯಮ. ಅದಕ್ಕೆ ಮೊದಲು ವಾರವಿಡೀ ಅದೇ ಮಾತಾಗಿತ್ತು. ಅವಳು ಎಲ್ಲಿ ತಪ್ಪುತ್ತಾಳೆ ಎಂದು ಅವಳ ನೋಟುಬುಕ್ಕನ್ನು ಮೊದಲು ನೋಡಿ ಎಂದು ನಾನು ಗದರಿದೆ. ನೋಡಿದರು. ಸಾದಾ ಇರುವುದನ್ನೇ ಆರಿಸಿದರು. ನಾನು ಎದ್ದು ಬಾಲ್ಕನಿಗೆ ಹೋಗಿ ನಿಂತೆ. ಅಜ್ಜ ಯಾಕೆ ಸಿಟ್ಟಾದ ಎಂದು ನೀವಿಬ್ಬರೂ ಹಿಂದೆಯೇ ಬಂದಿರಿ. ಅದಕ್ಕೇ ಈಗ ಇಷ್ಟೆಲ್ಲ ಹೇಳಿದೆ.

ಈ ಮನೆಯಲ್ಲಿ ಏಳು ವರ್ಷದ ಒಬ್ಬ ಹುಡುಗಿ ನಾಲ್ಕು ಶಬ್ದಗಳನ್ನು ಸರಿಯಾಗಿ ಬರೆಯಲಿ ಎಂದು ಇಬ್ಬರು ದೊಡ್ಡವರು ಒಂದು ವಾರ ತಲೆ ಕೆಡಿಸಿಕೊಂಡರು. ಅದು ಹಾಗೇ ಇರಬೇಕು. ಮಿರಜದ ಆ ಮನೆಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಬಗ್ಗೆ ಒಂದು ಊಟದ ನಡುವೆ ತೀರ್ಮಾನವಾಯಿತು, ನಾನು ಅಲ್ಲೇ ಕೂತು ಉಣ್ಣುತ್ತಿದ್ದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನಿಮ್ಮ ಅಪ್ಪ-ಅಮ್ಮನ ಮೇಲೂ ಇಲ್ಲ. ಆ ಊಟದ ಮೇಲಿದೆ. ಅದು ತಣ್ಣಗಾಗಲಿ ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ.